ಆಲ್ಟರ್ನೇಟರ್ ಬಿಚ್ಚಿದ ಭಾನುವಾರ

ಅಜ್ಜಂಪುರದ ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮನೆ ತರೀಕೆರೆಯಲ್ಲಿ. ದಿನವೂ ಕಾರಿನಲ್ಲಿ ಹೋಗಿ ಬರುತ್ತೇನೆ. ಒಂದು ಕಾಲಕ್ಕೆ ಆ ಕಾರು ದಾರಿಯಲ್ಲಿ ಎಷ್ಟು ಸಲ ನಿಲ್ಲುತ್ತಿತ್ತೆಂದರೆ, ಯಾವ ಮರದ ನೆರಳು ಎಷ್ಟು ಹೊತ್ತಿಗೆ ರಸ್ತೆಯ ಯಾವ ಬದಿಗೆ ಬೀಳುತ್ತದೆ ಅನ್ನುವುದೂ ನನಗೆ ಬಾಯಿಪಾಠವಾಗಿತ್ತು.

ಆ ಕಾರು ಮೊದಲು ನನ್ನ ಗಂಡ ಓಡಿಸುತ್ತಿದ್ದದ್ದು. ಮದುವೆಯಾದಾಗಿನಿಂದ ಅವರ ಕಸುಬೇ ಡ್ರೈವಿಂಗ್. ಬಾಡಿಗೆಗೆ ಒಂದು ದೊಡ್ಡ ಗಾಡಿ, ಮನೆಗೆ ಈ ಸಣ್ಣದು. ಎರಡರ ರಿಪೇರಿಯನ್ನೂ ಬೇರೆಯವರ ಕೈಗೆ ಕೊಟ್ಟವರಲ್ಲ. ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಮೂರ್ಛೆ ಬಂದು ಬಿದ್ದರು. ಕೆಲವು ದಿನ ಬಿಟ್ಟು ಮತ್ತೆ ಬಂತು, ತಟ್ಟೆಯ ಮುಂದೆ ಕೂತಿದ್ದಾಗ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇನ್ನು ಸ್ಟೇರಿಂಗ್ ಮುಟ್ಟಬೇಡಿ" ಅಂದರು. ದೊಡ್ಡ ಗಾಡಿ ಹೋಯಿತು. ಅವರು ಬಸ್ ಸ್ಟ್ಯಾಂಡಿನ ಹತ್ತಿರ ಸ್ನೇಹಿತರೊಬ್ಬರ ಬಿಡಿಭಾಗಗಳ ಅಂಗಡಿಯಲ್ಲಿ ಕೂರತೊಡಗಿದರು.

ಸಣ್ಣ ಕಾರನ್ನು ಓಡಿಸಲು ನನಗೆ ಕಲಿಸಿದವರೂ ಅವರೇ. ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ ನಿಧಾನಕ್ಕೆ ಬಿಡು ಕಣೇ, ಗಾಡಿ ಏನ್ ಓಡೋಗಲ್ಲ" ಎನ್ನುತ್ತಿದ್ದರು. ಒಂದು ದಿನವೂ ರೇಗಲಿಲ್ಲ. ರೈಲ್ವೆ ಗೇಟು ಹಾಕಿದ್ದರೆ ಎಂಜಿನ್ ಆಫ್ ಮಾಡಬೇಕು, ಇಳಿಯುವ ಮೊದಲು ಎಲ್ಲ ಸ್ವಿಚ್ಚು ನೋಡಬೇಕು, ಎಲ್ಲ ಅವರದೇ ಪಾಠ. ನಾನು ಮೊದಲ ಸಲ ಒಬ್ಬಳೇ ಅಜ್ಜಂಪುರಕ್ಕೆ ಹೋಗಿ ಬಂದ ದಿನ ಅವರು ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಖುಷಿಗೆ ಕಾದಿದ್ದಾರೆ ಅಂದುಕೊಂಡೆ. ಇರಲೂಬಹುದು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಕಾರು ಕೈಕೊಡಲು ಶುರುವಾಯಿತು. ಕಾಲೇಜು ಬಿಟ್ಟು ಬಂದು, ಇಲ್ಲವೇ ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಟಕ್ ಟಕ್ ಅನ್ನುವುದು, ಸುಮ್ಮನಾಗುವುದು. ನಾನು ಫೋನ್ ಮಾಡುತ್ತಿದ್ದೆ. ಅವರು ಚಾರ್ಜ್ ಆದ ಇನ್ನೊಂದು ಬ್ಯಾಟರಿಯನ್ನು ಗೋಣಿಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ತೋಳು ಮಡಚಿ, ಬಾನೆಟ್ ಎತ್ತಿ, ಬ್ಯಾಟರಿ ಬದಲಾಯಿಸಿ, ಒಳಗೆ ಎಲ್ಲೋ ಕೈಯಾಡಿಸಿ, "ಈಗ ಹೊಡಿ" ಅನ್ನುತ್ತಿದ್ದರು. ಎಂಜಿನ್ ಗುರ್ ಅಂದ ಕೂಡಲೇ ಸುತ್ತ ನಿಂತವರ ಮುಖ ಅರಳುತ್ತಿತ್ತು. ಅವರದೂ ಅರಳುತ್ತಿತ್ತು.

"ಏನ್ ಸಾರ್ ಪ್ರಾಬ್ಲಮ್ಮು?" ಎಂದು ಯಾರಾದರೂ ಕೇಳಿಯೇ ಕೇಳುವರು.

"ಏನಿಲ್ಲ ಕಣ್ರೀ, ಲೈಟ್ ಆಫ್ ಮಾಡೋದ್ ಮರ್ತಿರ್ತಾಳೆ. ಮಕ್ಕಳಿಗೆ ಕರೆಂಟ್ ಪಾಠ ಹೇಳೋರು ಇವ್ರು!"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಯಾಕೆಂದರೆ ನಂಬಿದ್ದೆ. ಕಾರು ನಿಲ್ಲಿಸಿ ಸ್ಟಾಫ್ ರೂಮಿನವರೆಗೆ ಹೋದವಳು ಮತ್ತೆ ವಾಪಸ್ಸು ಬಂದು ಲೈಟು ನೋಡುತ್ತಿದ್ದೆ. ಪಾಠದ ನಡುವೆ ಮಾತು ತಡವರಿಸುತ್ತಿತ್ತು. ಕಡೂರಿಗೆ ಮೌಲ್ಯಮಾಪನಕ್ಕೆ ಹೋಗಬೇಕಾಗಿ ಬಂದಾಗ, ಆರೋಗ್ಯ ಸರಿಯಿಲ್ಲವೆಂದು ತಪ್ಪಿಸಿಕೊಂಡೆ. ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀಗ ತೆಗೆದು ಮತ್ತೆ ಒಳಗೆ ಹೋಗುವುದು ಅಭ್ಯಾಸವಾಯಿತು. ತಲೆ ಮಂಕಾಗುತ್ತಿದೆ, ವಯಸ್ಸಿಗೆ ಮೊದಲೇ ಮರೆವು ಬಂತು ಅಂತ ಒಳಗೊಳಗೇ ಹೆದರಿದ್ದೆ. ಅದನ್ನು ಹೇಳಿಕೊಂಡು ಅತ್ತದ್ದೂ ಅವರ ಮುಂದೆಯೇ. ಬೆನ್ನು ಸವರಿ, "ಬಿಡು, ನಾನಿಲ್ವಾ?" ಅಂದಿದ್ದರು.

ಹೊಸ ಬ್ಯಾಟರಿ ಹಾಕಿದರೂ ಅದೇ ಕತೆ. ಆಲ್ಟರ್ನೇಟರ್ ನೋಡಿಸಬೇಕೇನೋ ಎಂದು ನಾನೇ ಒಮ್ಮೆ ಅಂದೆ. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುವುದು ಅದೇ ತಾನೆ. ಅವರು ತಲೆಯಾಡಿಸಿದರು. "ಅದು ಕಂಪ್ನಿ ಫಿಟಿಂಗು. ನಾನೂ ಇವತ್ತಿನವರೆಗೂ ಬಿಚ್ಚಿಲ್ಲ. ಕೈ ಹಾಕಿದ್ರೆ ಕೆಡುತ್ತೆ." ಚಾರ್ಜ್ ಆಗದಿದ್ದರೆ ಮುಂದಿನ ಫಲಕದಲ್ಲಿ ಉರಿಯಬೇಕಾದ ಬ್ಯಾಟರಿಯ ಕೆಂಪು ದೀಪ ಉರಿಯುವುದೇ ಇಲ್ಲವಲ್ಲ ಎಂದಾಗ, "ಬಲ್ಬ್ ಹೋಗಿದೆ, ಏನಾಗಲ್ಲ" ಅಂದರು.

ಆಮೇಲೆ ಅಮ್ಮನನ್ನು ಕರೆತರುವ ದಿನ ಬಂತು. ಅಮ್ಮ ಕಡೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿರುತ್ತಾಳೆ. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ್ದರು. ಅಜ್ಜಂಪುರದಲ್ಲಿ ಅವಳ ಅಕ್ಕನನ್ನು ನೋಡಬೇಕೆಂದು ಹಟ ಹಿಡಿದಳು. ಕಪ್ಪು ಕನ್ನಡಕ ಹಾಕಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ರೈಲ್ವೆ ಗೇಟು ಹಾಕಿತ್ತು. ಕಲಿಸಿದ್ದಂತೆ ಎಂಜಿನ್ ಆಫ್ ಮಾಡಿದೆ. ಗೂಡ್ಸ್ ರೈಲು ಹೋಯಿತು, ಗೇಟು ಎದ್ದಿತು. ಕೀ ತಿರುಗಿಸಿದೆ. ಟಕ್ ಟಕ್.

ಹಿಂದೆ ಲಾರಿ, ಟ್ರ್ಯಾಕ್ಟರು, ಬಸ್ಸು, ಒಂದೇ ಸಮನೆ ಹಾರನ್. ನಾಲ್ಕಾರು ಜನ ಇಳಿದು ಬಂದು, "ನ್ಯೂಟ್ರಲ್ ಹಾಕ್ಕಳಿ ಮೇಡಮ್" ಎಂದು ತಳ್ಳಿದರು. ಅವರು ತಳ್ಳಿದ್ದು ಮುಂದಕ್ಕೆ, ಹಳಿಯ ಕಡೆಗೇ. ಮುಂದಿನ ಚಕ್ರ ಹಳಿಯ ಸಂದಿನಲ್ಲಿ ಸಿಕ್ಕಿ ಕಾರು ಗಕ್ಕನೆ ನಿಂತಿತು. ಗೇಟಿನವನು ಕೂಗುತ್ತಾ ಓಡಿ ಬಂದ. ಅಮ್ಮನಿಗೆ ಆ ಕನ್ನಡಕದೊಳಗಿಂದ ಇನ್ನೂ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಕೂಗಾಟ ಮಾತ್ರ ಕೇಳುತ್ತಿತ್ತು. ನನ್ನ ಮೊಣಕೈ ಹಿಡಿದುಕೊಂಡು, "ನಾವೆಲ್ಲಿದೀವೇ? ಎಲ್ಲಿದೀವಿ ಹೇಳೇ" ಎಂದು ಕೇಳುತ್ತಲೇ ಇದ್ದಳು. ನಾನು ಹೇಳಲಿಲ್ಲ. ಇನ್ನೊಂದು ಸಲ ಎಲ್ಲರೂ ಸೇರಿ ಜೋರಾಗಿ ನೂಕಿದಾಗ ಕಾರು ಆಚೆ ಬಿತ್ತು. ಯಾವ ರೈಲೂ ಬರಲಿಲ್ಲ, ನಿಜ. ಕಾರನ್ನು ರಸ್ತೆಯ ಬದಿಗೆ ಹಾಕಿಸಿ ಗಂಡನಿಗೆ ಫೋನ್ ಮಾಡಿದೆ.

ಅವತ್ತೂ ಅವರು ಚೀಲ ಹೊತ್ತು ಬಂದರು. ಅವತ್ತು ಮಾತ್ರ ತಮಾಷೆ ಮಾಡಲಿಲ್ಲ.

ಮುಂದಿನ ಭಾನುವಾರ ಅವರು ಲಿಂಗದಹಳ್ಳಿಗೆ ಗೃಹಪ್ರವೇಶಕ್ಕೆ ಹೋಗಿದ್ದರು. ನಾನು ಕಾಲೇಜಿನ ಲ್ಯಾಬಿನಿಂದ ಮಲ್ಟಿಮೀಟರ್ ತಂದಿಟ್ಟುಕೊಂಡಿದ್ದೆ. ಅವರ ಮೇಲೆ ಅನುಮಾನವಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಮರೆವಿನ ಮೇಲಿದ್ದ ಅನುಮಾನವನ್ನು ತೀರಿಸಿಕೊಳ್ಳಬೇಕಾಗಿತ್ತು, ಅಷ್ಟೇ.

ಎಂಜಿನ್ ಚಾಲೂ ಮಾಡಿ ಬ್ಯಾಟರಿಗೆ ಮೀಟರ್ ಹಿಡಿದೆ. ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸಬೇಕು. ಹನ್ನೆರಡಕ್ಕಿಂತ ತುಸು ಮೇಲಿತ್ತು, ನೋಡನೋಡುತ್ತಾ ಇಳಿಯುತ್ತಿತ್ತು. ಆಲ್ಟರ್ನೇಟರಿನ ಮೈಗೆ ಸ್ಪ್ಯಾನರಿನಿಂದ ಮೆಲ್ಲಗೆ ಬಡಿದೆ. ಅಂಕಿ ತಟ್ಟನೆ ಹದಿನಾಲ್ಕಕ್ಕೆ ಜಿಗಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೆಳಗೆ. ಲೈಟು ಮರೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಲ್ಲೇ ತಿಳಿಯಿತು. ಒಂದು ಕ್ಷಣ ಹಗುರಾದೆ. ನನ್ನ ತಲೆ ನೆಟ್ಟಗಿದೆ!

ಬ್ಯಾಟರಿಯ ನೆಗೆಟಿವ್ ತೆಗೆದು, ಬೆಲ್ಟು ಸಡಿಲಿಸಿ, ಬೋಲ್ಟು ಬಿಚ್ಚಿ ಅದನ್ನು ಹೊರಗೆ ತೆಗೆದೆ. ಜಗಲಿಯ ಮೇಲೆ ಹಳೆಯ ಪೇಪರ್ ಹಾಸಿ ಕೂತೆ. ತೆಂಗಿನಕಾಯಿಯಷ್ಟು ದಪ್ಪ, ಅದಕ್ಕಿಂತ ಎಷ್ಟೋ ಭಾರ. ಬೇರಿಂಗ್ ಸದ್ದಿಲ್ಲದೆ ತಿರುಗುತ್ತಿತ್ತು. ಹಿಂದಿನ ಮುಚ್ಚಳ ತೆಗೆದಾಗ ಸಣ್ಣ ಸ್ಕ್ರೂಗಳ ತಲೆಯ ಮೇಲೆ ಕೆಂಪು ಚುಕ್ಕೆ ಕಂಡಿತು. ನನ್ನ ಉಗುರು ಬಣ್ಣ. ಬಿಗಿದ ಸ್ಕ್ರೂ ಸಡಿಲವಾಗದಿರಲೆಂದು ಹಾಗೆ ಒಂದು ಹನಿ ಹಚ್ಚುವುದು ನನ್ನ ಗಂಡನ ಪದ್ಧತಿ. ಮಿಕ್ಸಿಗೂ ಹಚ್ಚಿದ್ದಾರೆ, ಫ್ಯಾನಿಗೂ ಹಚ್ಚಿದ್ದಾರೆ. ಇವತ್ತಿನವರೆಗೂ ಬಿಚ್ಚಿಲ್ಲ ಅಂದಿದ್ದರಲ್ಲ?

ಸ್ಕ್ರೂ ತೆಗೆದು ಬ್ರಶ್ಶುಗಳನ್ನು ಕೂರಿಸಿದ್ದ ಗೂಡನ್ನು ಈಚೆ ಎಳೆದೆ. ಬ್ರಶ್ಶೆಂದರೆ ಇಂಗಾಲದ ಎರಡು ಪುಟ್ಟ ಇಟ್ಟಿಗೆಗಳು. ತಿರುಗುವ ತಾಮ್ರದ ಬಳೆಗಳಿಗೆ ಒತ್ತಿಕೊಂಡು ಒಳಗಿನ ಸುರುಳಿಗೆ ಕರೆಂಟು ದಾಟಿಸುತ್ತವೆ. ಒಂದೊಂದಕ್ಕೂ ತಾಮ್ರದೆಳೆ ಹೆಣೆದ ಬಾಲವಿರುತ್ತದೆ. ಒಂದರ ಬಾಲ ನೆಟ್ಟಗಿತ್ತು. ಇನ್ನೊಂದರದು ನಡುವೆ ತುಂಡಾಗಿತ್ತು. ಸವೆದು ಹರಿದಿದ್ದರೆ ಎಳೆಗಳು ಪಿಸಿದುಕೊಂಡು ಕರ್ರಗಿರಬೇಕು. ಇವು ಚಪ್ಪಟೆಯಾಗಿ, ಕಟಿಂಗ್ ಪ್ಲೇಯರಿನಲ್ಲಿ ಒಂದೇ ಏಟಿಗೆ ಕತ್ತರಿಸಿದ ಹಾಗಿದ್ದವು. ಎರಡು ತುದಿಗಳನ್ನು ಒಂದಕ್ಕೊಂದು ತಾಕಿಯೂ ತಾಕದಂತೆ ಅಂಟು ಹಾಕಿ ನಿಲ್ಲಿಸಲಾಗಿತ್ತು. ರಸ್ತೆಯ ಕುಲುಕಿಗೆ ಕೂಡುತ್ತಾ, ಬಿಡುತ್ತಾ ಇರಲಿ ಅಂತ.

ಆದರೂ ಮಿಕ್ಕದ್ದನ್ನೆಲ್ಲ ಪರೀಕ್ಷಿಸಿದೆ. ಸುರುಳಿ ನೋಡಿದೆ, ಡಯೋಡುಗಳನ್ನು ನೋಡಿದೆ. ಬೇರೆ ಇನ್ನೊಂದು ದೋಷ ಸಿಕ್ಕಿಬಿಡಲಿ ದೇವರೇ ಎಂದು ಒಂದೊಂದಕ್ಕೂ ಮೀಟರಿನ ಮುಳ್ಳು ಚುಚ್ಚಿದೆ. ಎಲ್ಲವೂ ಚೆನ್ನಾಗಿದ್ದವು. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದರೆ ಕೆಂಪು ದೀಪದ ಜಾಗ ಖಾಲಿ. ಬಲ್ಬ್ ಹೋಗಿರಲಿಲ್ಲ, ಯಾರೋ ತೆಗೆದಿದ್ದರು.

ಮಧ್ಯಾಹ್ನ ಅವರು ಬಂದರು, ಕೈಯಲ್ಲಿ ನನಗೆಂದು ಕಟ್ಟಿಸಿಕೊಂಡ ಹೋಳಿಗೆಯ ಪೊಟ್ಟಣ. ಜಗಲಿ ನೋಡಿ ಮೆಟ್ಟಿಲ ಮೇಲೇ ನಿಂತರು.

"ಅದನ್ನ ಯಾಕೆ ಬಿಚ್ಚಿದೆ?"

ಏನಾಯಿತು ಎಂದು ಕೇಳಲಿಲ್ಲ. ಯಾಕೆ ಬಿಚ್ಚಿದೆ ಎಂದು ಕೇಳಿದರು. ನಾನು ಬ್ರಶ್ಶನ್ನು ಅಂಗೈಯಲ್ಲಿಟ್ಟು ಚಾಚಿದೆ.

"ಇದನ್ನ ಕತ್ತರಿಸಿದ್ದು ಯಾರ್ರೀ?"

ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿದರು. ಆಮೇಲೆ ಕೂತರು.

"ಗಾಡಿ ನಿಂತ್ರೆ ನೀನು ಫೋನ್ ಮಾಡ್ತಿದ್ದೆ," ಅಂದರು. "ಇಲ್ದಿದ್ರೆ ಬೆಳಿಗ್ಗೆ ಹೋದ್ರೆ ಸಂಜೆವರ್ಗೂ ನಾನ್ ಇದೀನಿ ಅನ್ನೋದೇ ಯಾರಿಗೂ ನೆನಪಿರಲ್ಲ ಕಣೇ. ಬಾನೆಟ್ ಎತ್ತಿದಾಗ ನಾಲ್ಕ್ ಜನ ಸಾರ್ ಅಂತಿದ್ರು."

"ಅಮ್ಮನ್ನ ಹಳಿ ಮೇಲೆ ತಳ್ಳಿದ್ರು."

"ಅಲ್ಲಿ ಆಫ್ ಮಾಡ್ತೀಯ ಅಂತ ಹೊಳೀಲಿಲ್ಲ."

"ಮಾಡು ಅಂತ ಕಲಿಸಿದ್ದು ನೀವೇ."

ಅವರು ಅಳತೊಡಗಿದರು. ನನಗೆ ಅಳು ಬರಲಿಲ್ಲ. ಅವರ ಸಂಕಟ ನನಗೆ ತಿಳಿಯದ್ದೇನಲ್ಲ. ಕೈಯಿಂದ ಸ್ಟೇರಿಂಗ್ ಕಿತ್ತುಕೊಂಡಂತಾದ ಗಂಡಸಿಗೆ ಏನಾಗುತ್ತದೆ ಎಂದು ಆ ಮನೆಯಲ್ಲೇ ಇದ್ದು ನೋಡಿದವಳು ನಾನು. ತಂತಿ ಕತ್ತರಿಸಿದ್ದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ನನಗೆ ಮರೆವು ಬಂದಿದೆ ಎಂದು ಅತ್ತ ದಿನ ಬೆನ್ನು ಸವರಿದ್ದರಲ್ಲ, ಆ ಕೈ ನೆನಪಾದರೆ ಮೈ ಉರಿಯುತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವತ್ತು.

ಮರುದಿನ ರಜೆ ಹಾಕಿ ಬಸ್ಸಿನಲ್ಲಿ ಕಡೂರಿಗೆ ಹೋದೆ. ಅವರ ಸ್ನೇಹಿತರ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ಹೊಸ ಬ್ರಶ್ ಗೂಡನ್ನೂ ಬಲ್ಬನ್ನೂ ತಂದು ನಾನೇ ಜೋಡಿಸಿದೆ. ಅವರು ಕಿಟಕಿಯಿಂದ ನೋಡುತ್ತಿದ್ದರು, ಈಚೆ ಬರಲಿಲ್ಲ. ಎಂಜಿನ್ ಚಾಲೂ ಆಯಿತು, ಕೆಂಪು ದೀಪ ಹತ್ತಿ ಆರಿತು, ಮೀಟರು ಹದಿನಾಲ್ಕರ ಮೇಲೆ ನಿಂತಿತು. ಅಮ್ಮನಿಗೂ ತಂಗಿಗೂ ನಾನು ಏನೂ ಹೇಳಲಿಲ್ಲ.

ಅಲ್ಲಿಂದೀಚೆಗೆ ಕಾರು ನಿಂತಿಲ್ಲ. ಬೇಸಿಗೆಯಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಇಬ್ಬರೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ಕನ್ನಡದ ಮೇಷ್ಟ್ರು ನಗುತ್ತಾ, "ಏನ್ ಮೇಡಮ್, ಈಗೀಗ ಗಾಡಿ ನಿಲ್ತಾನೇ ಇಲ್ಲ! ಅಂತೂ ಲೈಟ್ ಆಫ್ ಮಾಡೋದು ಕಲ್ತ್ಬಿಟ್ರಿ" ಅಂದರು. ಸಾಲಿನವರೆಲ್ಲ ನಕ್ಕರು. ನಾನು ಪಕ್ಕಕ್ಕೆ ತಿರುಗಿ ಗಂಡನ ಮುಖ ನೋಡಿದೆ. ಪೂರ್ತಿ ನಿಜ ಬೇಡ, 'ಅವಳದ್ದೇನೂ ತಪ್ಪಿರ್ಲಿಲ್ಲ ಕಣ್ರೀ' ಅಂದರೆ ಸಾಕಾಗಿತ್ತು. ಅವರು ಎಲೆಯ ಮೇಲೆ ಬಗ್ಗಿ, ಅನ್ನದ ನಡುವೆ ಗುಳಿ ಮಾಡಿ ಸಾರು ಬಡಿಸಿಕೊಂಡರು.