ಪೈಪಿನ ರಾಟೆಗೆ ಒಂದಡಿ ಹೆಚ್ಚಿಗೆ

ನೂರು ಮೀಟರ್ ಪೈಪನ್ನು ದಿನಕ್ಕೆ ನಾಲ್ಕು ಸಲ ಬಿಚ್ಚಿ, ನಾಲ್ಕು ಸಲ ಸುತ್ತುವುದು ನನ್ನ ಹೆಂಡತಿಯ ಕೆಲಸ. ಅದು ಎಲ್ಲಿ ಒಡೆಯುತ್ತದೋ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಚಿಂತೆ ಮಾಡುವುದು ನನ್ನ ಕೆಲಸ. ಚಿಕ್ಕ ಗೂಡ್ಸ್ ಗಾಡಿ, ಅದರ ಹಿಂದೆ ಒಂದು ನೀರಿನ ಟ್ಯಾಂಕು, ಒಂದು ಪಂಪು, ಆ ಪೈಪು. ಇಷ್ಟನ್ನು ಇಟ್ಟುಕೊಂಡು ತಾಳವಾಡಿ ಸುತ್ತಿನ ಹೊಲಗಳಲ್ಲಿ ಎಲೆಕೋಸಿಗೆ, ಟೊಮೇಟೊಗೆ, ಆಲೂಗಡ್ಡೆಗೆ ಔಷಧಿ ಹೊಡೆದುಕೊಡುತ್ತೇವೆ. ಹನ್ನೊಂದು ವರ್ಷದಿಂದ ಇದೇ ಬದುಕು.

ನಾನು ಪೈಪಿನ ತುದಿ ಹಿಡಿದು ಹೊಲದ ಆ ಕೊನೆಗೆ ಹೋಗುತ್ತೇನೆ. ಅವಳು ಗಾಡಿಯ ಹತ್ತಿರ ನಿಂತಿರುತ್ತಾಳೆ. ಪಂಪಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವಾದ್ದರಿಂದ ಪೈಪಿನಲ್ಲೇ ಮಾತು. ಒಂದು ಸಲ ಜಗ್ಗಿದರೆ ಪೈಪು ಬಿಡು, ಎರಡು ಸಲ ಜಗ್ಗಿದರೆ ಸುತ್ತಿಕೊ, ಮೂರು ಸಲ ಜಗ್ಗಿದರೆ ನಿಲ್ಲಿಸು. ಈ ಭಾಷೆಯಲ್ಲಿ ನಾವಿಬ್ಬರೂ ಒಂದು ದಿನವೂ ಜಗಳವಾಡಿಲ್ಲ. ಬಾಯಿಂದ ಆಡುವ ಭಾಷೆಯ ಬಗ್ಗೆ ಆ ಮಾತು ಹೇಳಲಾರೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವಳ ಬಲಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲು ಕೈ ಮೇಲೆ ಏಳುತ್ತಿರಲಿಲ್ಲ. ನೆಲದಲ್ಲಿ ಬಿದ್ದ ಒದ್ದೆ ಪೈಪನ್ನು ಬಗ್ಗಿ ಬಗ್ಗಿ ಎಳೆದು ಸುತ್ತಿದ್ದರ ಫಲ ಅದು. ಆ ಕೈಯಲ್ಲಿ ಇನ್ನು ಭಾರ ಎಳೆಯಬೇಡಿ ಎಂದರು ಡಾಕ್ಟರು. ಮನೆಗೆ ಬಂದವಳು ಎಡಗೈಯಲ್ಲಿ ಮುದ್ದೆ ತಿರುವುತ್ತ, ಮಳೆ ಬರಬಹುದು ಎಂದಷ್ಟೇ ಸಲೀಸಾಗಿ ಹೇಳಿದಳು:

"ಪಣಕಳ್ಳಿ ಅಕ್ಕನ ಕೋಸಿನ ಒಲ ಒಪ್ಕಬುಟ್ಟಿವಿ. ಅದೊಂದ ಮುಗ್ಸ್‌ಕೊಡ್ತಿನಿ. ಆಮೇಲ ನಾ ಗಾಡಿ ಅತ್ತದಿಲ್ಲ. ಬೇರ ಯಾರನಾರ ನೋಡ್ಕಳಿ."

ಬೇರೆ ಯಾರನ್ನು ನೋಡಿಕೊಳ್ಳುವುದು? ಆಳು ಸಿಗಬಹುದು. ಎರಡು ಜಗ್ಗಿಗೂ ಮೂರು ಜಗ್ಗಿಗೂ ಇರುವ ವ್ಯತ್ಯಾಸವನ್ನು ಅವನಿಗೆ ಕಲಿಸಲೂಬಹುದು. ಆದರೆ ಬೆಳಿಗ್ಗೆ ಹೊರಟಾಗಿನಿಂದ ಬ್ರೇಕು ಹಿಡಿಯುತ್ತದೋ ಇಲ್ಲವೋ, ಔಷಧಿ ಹೆಚ್ಚಾಯಿತೋ ಏನೋ, ಮನೆಗೆ ಬೀಗ ಹಾಕಿದೆವೋ ಇಲ್ಲವೋ ಎಂದು ನಾನು ಹೇಳುವುದನ್ನೆಲ್ಲ ಪಕ್ಕದ ಸೀಟಿನಲ್ಲಿ ಕೂತು "ಊಂ" ಅನ್ನುತ್ತ ಕೇಳುವವರು ಈ ಬೆಟ್ಟದಲ್ಲಿ ಇನ್ನೊಬ್ಬರಿಲ್ಲ. ಕೋಸಿನ ಹೊಲಕ್ಕೆ ಇನ್ನು ನಾಲ್ಕು ದಿನವಿತ್ತು. ಆ ರಾತ್ರಿ ಎಂದಿನಂತೆ ನಿದ್ದೆ ಬರಲಿಲ್ಲ.

ಉಪಾಯ ಹೊಳೆದದ್ದು ಮರುದಿನ, ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದಿನ ವೆಲ್ಡಿಂಗ್ ಪಟ್ಟರೆಯಲ್ಲಿ. ವರ್ಕ್‌ಶಾಪಿಗೆ ನಮ್ಮ ಕಡೆ ಪಟ್ಟರೆ ಎನ್ನುತ್ತಾರೆ. ಪಟ್ಟರೆಯವನು ನನ್ನ ಜೊತೆ ಐದನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವನು. ಅವನ ಗುಜರಿ ರಾಶಿಯಲ್ಲಿ ಹಿಂದೆ ಯಾವುದೋ ಕೇಬಲ್ ಸುತ್ತಿ ತಂದಿದ್ದ ಕಬ್ಬಿಣದ ಉರುಳೆಯೊಂದು ಬಿದ್ದಿತ್ತು. ಕಾಲಿನಿಂದ ತಳ್ಳಿದೆ. ಉರುಳಿತು. ನನ್ನ ಎದೆಯೂ ಅದರ ಜೊತೆಯಲ್ಲೇ ಉರುಳಿತು. ಇದನ್ನು ಗಾಡಿಯ ಮೇಲೆ ಎತ್ತರದಲ್ಲಿ ನಿಲ್ಲಿಸಿ, ಎರಡು ಬದಿಗೆ ಬೇರಿಂಗು ಕೂರಿಸಿ, ಒಂದು ಹಿಡಿ ಇಟ್ಟರೆ? ಬಗ್ಗುವುದೂ ಬೇಡ, ಎಳೆಯುವುದೂ ಬೇಡ. ಬಾವಿಯ ರಾಟೆ ತಿರುಗಿಸಿದಂತೆ ತಿರುಗಿಸಿದರಾಯಿತು, ಅದೂ ಎಡಗೈಯಲ್ಲಿ.

ಅಲ್ಲೇ ಬಿದ್ದಿದ್ದ ಒಂದು ಮದುವೆ ಕರೆಯೋಲೆಯ ಹಿಂದೆ ಚಿತ್ರ ಬರೆದೆ. ಮನೆಗೆ ಹಾರಿಕೊಂಡು ಬಂದು ಹೆಂಡತಿಯನ್ನು ಗಾಡಿಯ ಮೇಲೆ ಹತ್ತಿಸಿ ನಿಲ್ಲಿಸಿ, ಪಾದದಿಂದ ಮೊಣಕೈವರೆಗೆ ಗೋಣಿದಾರ ಹಿಡಿದು ಅಳೆದೆ. ಹಿಡಿ ಸರಿಯಾಗಿ ಅವಳ ಮೊಣಕೈ ಎತ್ತರಕ್ಕೆ ಬರಬೇಕು. ತಪ್ಪಾದೀತೆಂದು ಇನ್ನೊಮ್ಮೆ ಅಳೆದೆ. ಮೂರನೆಯ ಸಲಕ್ಕೆ ಅವಳು ದಾರ ಕಿತ್ತುಕೊಂಡಳು.

"ಮದ್ವಲಿ ರವಿಕ ಒಲಿಸ್ದಾಗ್ಲೂ ಇಷ್ಟು ಅಳತ ತಗಂಡಿರ್ನಿಲ್ಲ. ಯಾನ ಮಾಡ್ಸಿದ್ದರಿ ಅಂತ ಬಾಯ್ಬುಟ್ಟು ಏಳಿ ಮೊದ್ಲು."

ಹೇಳಿದೆ. ಅವಳು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಕರೆಯೋಲೆಯ ಈಚೆ ಬದಿ ಓದಿ, "ಈ ಮದ್ವ ಮುಗ್ದೋಗದ" ಅಂದಳು. ಆದರೆ ಮಾರನೆಯ ದಿನ ಪಟ್ಟರೆಗೆ ಹೊರಟಾಗ ಕರೆಯದೆ ಬಂದು ಗಾಡಿಯಲ್ಲಿ ಕೂತಳು.

ಪಟ್ಟರೆಯವನು ಚಿತ್ರ ನೋಡಿ ಕನ್ನಡಕ ಹಣೆಗೇರಿಸಿದ.

"ಇದ್ಯಾನ್ಲಾ, ಪೈಪ್ ಸುತ್ತಕ ಟವರ್ ಕಟ್ಸಿದ್ದಯ? ನಾಕ್ ಕಾಲ್ಗ ಎಂಟು ಅಡ್ಡಪಟ್ಟಿ ಯಾಕ?"

"ಅಳ್ಳಕ್ಕ ಇಳಿವಾಗ ಗಾಡಿ ವಾಲಿದ್ರ?" ಅಂದೆ.

"ಗಾಡಿ ಮಗುಚ್ಕಂಡು ನೀನು ಅಡಿಗ್ ಬಿದ್ದಿರ್ತಿಯ ಕಣ್ಲಾ, ಸ್ಟ್ಯಾಂಡ್ ಮಾತ್ರ ನೆಟ್ಟಗ ನಿಂತಿರ್ತದ. ಆಕನ ಬುಡು."

ಹಾಕಿದ. ದಪ್ಪ ಚೌಕದ ಪೈಪಿನ ನಾಲ್ಕು ಕಾಲು, ಕಾಲಿನಡಿಗೆ ಅಂಗೈಯಗಲದ ಪಟ್ಟಿ, ಅದರ ಮೂಲಕ ಗಾಡಿಯ ಚಾಸಿಗೆ ಬಿಗಿದ ಬೋಲ್ಟು. ನಡುವೆ ಉರುಳೆ. ಅದರ ಮೇಲೆ ಒಂದು ಚೌಕಟ್ಟು, ಚೌಕಟ್ಟಿನ ನೆತ್ತಿಯಲ್ಲಿ ಒಂದು ಸಣ್ಣ ರೋಲರು. ಪೈಪು ಆ ರೋಲರಿನ ಮೇಲೆ ಹಾದು ಎತ್ತರದಿಂದ ಹೊಲಕ್ಕಿಳಿದರೆ ಗಾಡಿಯ ಹತ್ತಿರದ ಸಾಲುಗಳಲ್ಲಿ ಕೋಸಿನ ತಲೆ ಮುರಿಯುವುದಿಲ್ಲ. ಆ ಹೊಲದೊಡತಿ ಪಣಕಹಳ್ಳಿಯ ಅಕ್ಕ, ಮುರಿದ ಕೋಸನ್ನು ಎತ್ತಿ ತಂದು ಎದುರಿಗೆ ಹಿಡಿಯುವವರು. ಅದನ್ನು ನೆನೆದು ಚೌಕಟ್ಟನ್ನು ಇನ್ನೊಂದಡಿ ಎತ್ತರ ಮಾಡು ಎಂದೆ.

"ಇಷ್ಟೇ ಸಾಕು ಕಣ್ಲಾ."

"ಇರ್ಲಿ, ಒಂದಡಿ ಎಚ್ಚಿಗ ಆಕು."

"ಎಲ್ಲ ಸೇರ್ಸಿ ವೆಲ್ಡಿಂಗ್ ಒಡ್ದುಬುಡ್ಲಾ?"

"ಒಡಿ. ಬೋಲ್ಟ್ ಆದ್ರ ಹಾಸನೂರು ರೋಡ್ನಲ್ಲಿ ಲೂಸಾಗಿ ತಲಮ್ಯಾಗ ಬಿದ್ದಾವು."

ಅಷ್ಟರಲ್ಲಿ ನನ್ನ ಹೆಂಡತಿ, "ಮ್ಯಾಗಲ್ ಚೌಕಟ್ಟ ಬೋಲ್ಟಲ್ಲೇ ಕೂರ್ಸಣ್ಣ. ಸಂತಗ ಮೂಟ ತುಂಬವಾಗ ಬಿಚ್ಚಬೇಕಾಯ್ತದ" ಅಂದಳು. ಅವನು ನನ್ನ ಮುಖ ನೋಡಿದ, ತಲೆಯಾಡಿಸಿದ, ಅವಳು ಹೇಳಿದಂತೆ ನಾಲ್ಕು ಬೋಲ್ಟಿಗೆ ತೂತು ಕೊರೆದ. ಬಿದ್ದರೆ ನನ್ನನ್ನು ಕೇಳಬೇಡಿ ಎಂದು ಇಬ್ಬರಿಗೂ ಹೇಳಿ, ಕಿಡಿ ಹಾರುವುದನ್ನು ನೋಡುತ್ತ ಕೂತೆ.

ಹೊತ್ತು ಇಳಿಯುವಷ್ಟರಲ್ಲಿ ಸ್ಟ್ಯಾಂಡು ಗಾಡಿಯ ಮೇಲೆ ನಿಂತಿತ್ತು. ನೀರು ಉರುಳೆಯ ನಡುವಿನಿಂದ ಹಾದು, ಉರುಳೆ ತಿರುಗಿದರೂ ಸೋರದ ಹಾಗೆ ಜಾಯಿಂಟು ಕೂತಿತ್ತು. ಯಾರದೋ ಗೇಟಿಗೆ ತಂದು ಉಳಿದಿದ್ದ ಹಸಿರು ಬಣ್ಣ ಬಳಿದೆವು. ಒಂದು ಬೆರಳಿನಿಂದ ತಳ್ಳಿದರೆ ಉರುಳೆ ಏಳು ಸುತ್ತು ತಿರುಗಿ ನಿಲ್ಲುತ್ತಿತ್ತು. ಮನೆಯ ಮುಂದೆ ನಿಲ್ಲಿಸಿದ ಮೇಲೆ ನಾನು ಸುಮ್ಮಸುಮ್ಮನೆ ಹೋಗಿ ತಳ್ಳಿ ಎಣಿಸಿ ಬರುತ್ತಿದ್ದೆ. ಒಂದು ಸಲ ಎಂಟು ಸುತ್ತಾಯಿತು. ಒಳಗೆ ಓಡಿ ಹೆಂಡತಿಗೆ ಹೇಳಿದೆ. ಹಸಿ ಬಣ್ಣ ಮುಟ್ಟಿದ ಕೈ ತೊಳೆದುಕೊಳ್ಳಿ ಎಂದಳು. ಐವತ್ತರ ಹತ್ತಿರ ಬಂದವನಿಗೆ ಇಷ್ಟು ಖುಷಿ ಒಳ್ಳೆಯದಲ್ಲವೇನೋ ಎಂಬ ಚಿಂತೆಯೂ ಒಂದು ಸಣ್ಣಗೆ ಶುರುವಾಯಿತು.

ಕೋಸಿನ ಹೊಲದ ದಿನ ಬೆಳಿಗ್ಗೆ ಸ್ಟ್ಯಾಂಡಿನ ಮುಂಗಾಲಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದೆ. ಅವಳು ನೆತ್ತಿಯ ರೋಲರಿಗೆ ಒಂದು ಮೊಳ ಚೆಂಡುಹೂ ಕಟ್ಟಿದಳು. ಪಣಕಹಳ್ಳಿಯವರೆಗೆ ಪ್ರತಿ ಗುಂಡಿಗೂ ಕನ್ನಡಿಯಲ್ಲಿ ಆ ನಾಲ್ಕು ಬೋಲ್ಟನ್ನು ನೋಡುತ್ತ ಗಾಡಿ ಓಡಿಸಿದೆ. ಒಂದೂ ಅಲುಗಲಿಲ್ಲ. ಗಾಡಿ ವಾಲಲಿಲ್ಲ, ಟ್ಯಾಂಕು ಸೋರಲಿಲ್ಲ. ಚಿಂತೆಗೆ ಏನೂ ಸಿಗದೆ ಶಿಳ್ಳೆ ಹಾಕಿದೆ.

ಅಕ್ಕನ ಹೊಲದ ಸುತ್ತ ಆನೆಗೆಂದು ಸೋಲಾರ್ ಬೇಲಿ. ನಮ್ಮ ಕಡೆ ಎಲ್ಲರ ಹೊಲದಲ್ಲೂ ಇರುವುದೇ. ಗಾಡಿ ಹೋಗುವ ಬಾಯಿಯಲ್ಲಿ ಬೇಲಿ ಇರುವುದಿಲ್ಲವಾದ್ದರಿಂದ ಈ ಕಂಬದಿಂದ ಆ ಕಂಬಕ್ಕೆ ಕರೆಂಟು ದಾಟಿಸಲು ತಲೆಯ ಮೇಲೆ ಒಂದು ತಂತಿ ಎಳೆದಿರುತ್ತಾರೆ, ಮೂಟೆ ತುಂಬಿದ ಗಾಡಿ ನುಸುಳುವಷ್ಟು ಎತ್ತರಕ್ಕೆ. ಹನ್ನೊಂದು ವರ್ಷದಿಂದ ದಿನವೂ ಅಂಥ ತಂತಿಯ ಕೆಳಗೆ ಹಾದುಹೋಗಿದ್ದೇನೆ. ಜಗತ್ತಿನ ಎಲ್ಲದರ ಬಗ್ಗೆ ಚಿಂತೆ ಮಾಡಿದವನು ಆ ತಂತಿಯ ಬಗ್ಗೆ ಮಾತ್ರ ಮಾಡಿರಲಿಲ್ಲ.

ಮೇಲೆ ಟಣ್ ಎಂದು ಸದ್ದಾಯಿತು. ಬ್ರೇಕು ಒತ್ತಿದೆ.

"ಯಾನ ತಾಕ್ತು?" ಅಂದಳು ಹೆಂಡತಿ.

ನೋಡೋಣವೆಂದು ಬಾಗಿಲು ಹಿಡಿದು ಒಂದು ಕಾಲು ನೆಲಕ್ಕಿಟ್ಟೆ. ಮೊಣಕೈಗೆ ಯಾರೋ ಒನಕೆಯಲ್ಲಿ ಕುಟ್ಟಿದಂತಾಯಿತು. ನನ್ನ ಒಂದಡಿ ಹೆಚ್ಚಿಗೆಯ ಕಬ್ಬಿಣ ತಂತಿಯನ್ನು ಮುಟ್ಟಿ, ಬೇಲಿಯ ಕರೆಂಟು ಇಡೀ ಗಾಡಿಗೆ ಬಂದಿತ್ತು. ಟೈರಿನ ಮೇಲೆ ಗಾಡಿಯೊಳಗೆ ಕೂತಿರುವವರೆಗೆ ಏನಿಲ್ಲ, ನೆಲಕ್ಕೆ ಕಾಲಿಟ್ಟು ಗಾಡಿ ಮುಟ್ಟಿದವನಿಗೆ ಏಟು. ಎರಡು ಹೆಜ್ಜೆ ಹಿಂದಕ್ಕೆ ಜಿಗಿದೆ.

"ಇಳಿಬ್ಯಾಡ ಕಣಮ್ಮಿ. ಯಾನೂ ಮುಟ್ಬ್ಯಾಡ, ಸುಮ್ಕ ಕೂತಿರು."

"ನಾ ಸುಮ್ಕೇ ಕೂತಿವ್ನಿ. ಕುಣೀತಿರದು ನೀವು."

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದರು. ಗಾಡಿಯನ್ನು, ಹಸಿರು ಟವರನ್ನು, ತಂತಿಗೆ ತಗುಲಿ ತೂಗುತ್ತಿದ್ದ ಚೆಂಡುಹೂವನ್ನು ನೋಡಿದರು.

"ಯಾಕಪ್ಪ, ಆನಗ ಕಟ್ಟಿದ ಬೇಲಿಗ ನೀ ಬಂದು ಸಿಕ್ಕಾಕಂಡಿದ್ದಯಲ್ಲ. ಮೊನ್ನ ಬಂದಿದ್ದ ಆನನೇ ನಿಂತು ನೋಡ್ಕಂಡು ವಾಪಸ್ ಓಯ್ತು."

ಹಾಗೆಂದು ಕೊಟ್ಟಿಗೆಗೆ ಹೋಗಿ ಬೇಲಿಯ ಪೆಟ್ಟಿಗೆ ಆರಿಸಿ ಬಂದರು. ಗಾಡಿಯನ್ನು ಹಿಂದಕ್ಕೆ ತೆಗೆದೆ. ಸ್ಟ್ಯಾಂಡು ತಂತಿಗಿಂತ ಒಂದು ಗೇಣು ಎತ್ತರ. ಹೊರಗೇ ನಿಲ್ಲಿಸಿದರೆ ಪೈಪು ಅರ್ಧ ಹೊಲಕ್ಕೂ ಸಾಲದು. ಸ್ಟ್ಯಾಂಡನ್ನೇ ಕಿತ್ತುಹಾಕಿ ಮೊದಲಿನ ಹಾಗೆ ನೆಲದ ಮೇಲೆ ಎಳೆಯೋಣವೆಂದರೆ ಆ ಭುಜ ಇಂದೇ ಹೋಗುತ್ತದೆ, ನಾಳೆಯಿಂದ ಪಕ್ಕದ ಸೀಟು ಖಾಲಿ. ಎಲ್ಲವೂ ಮುಗಿಯಿತು ಎಂದುಕೊಂಡು ಕಂಬಕ್ಕೊರಗಿ ನಿಂತೆ.

ಅವಳು ಆಗಲೇ ಗಾಡಿಯ ಹಿಂದೆ ಹತ್ತಿದ್ದಳು. "ಸ್ಪಾನರ್ ಕೊಡಿ" ಎಂದು ಎಡಗೈ ಚಾಚಿದಳು.

ನಾನು ಬೇಡವೆಂದಿದ್ದ ನಾಲ್ಕು ಬೋಲ್ಟು. ಒಂದು ಮಾತು ನನ್ನ ಪರವಾಗಿಯೂ ಹೇಳಬೇಕು. ಸೀಟಿನ ಅಡಿಯಲ್ಲಿ ನಾನಿಡುವ ಚೀಲದಲ್ಲಿ ಹಗ್ಗ, ಟಾರ್ಚು, ತಲೆನೋವಿನ ಮಾತ್ರೆ, ಎರಡು ಜೊತೆ ಚಪ್ಪಲಿಯ ಜೊತೆಗೆ ಎಲ್ಲ ಅಳತೆಯ ಸ್ಪಾನರುಗಳೂ ಇರುತ್ತವೆ. ಚಿಂತೆ ಮಾಡುವವನ ಗಾಡಿಯಲ್ಲಿ ಸ್ಪಾನರ್ ಇಲ್ಲ ಅನ್ನುವಂತಿಲ್ಲ. ಬೋಲ್ಟು ಬಿಚ್ಚಿ ಚೌಕಟ್ಟನ್ನು ಹೂವಿನ ಸಮೇತ ಇಳಿಸಿದೆವು. ತಂತಿಯ ಕೆಳಗೆ ಸಲೀಸಾಗಿ ಹಾದೆವು. ಒಳಗೆ ಹೋಗಿ ಮತ್ತೆ ಏರಿಸಿ ಬಿಗಿದೆವು. ಕಾಲು ಗಂಟೆಯೂ ಹಿಡಿಯಲಿಲ್ಲ.

ಪೈಪಿನ ತುದಿ ಹಿಡಿದು ನಡೆದೆ. ಹೊಲದ ನಡುವೆ ಒಂದು ಸಲ ಜಗ್ಗಿದೆ. ಎಲ್ಲೂ ತಡೆಯದೆ ಪೈಪು ನನ್ನ ಹಿಂದೆ ಬಂತು, ಗಾಡಿಯ ಹತ್ತಿರದ ಸಾಲುಗಳ ಮೇಲೆ ಬಿಲ್ಲಿನಂತೆ ಬಾಗಿ. ಮೊದಲ ಪಟ್ಟೆ ಹೊಡೆದು ಮುಗಿಸಿ, ಆ ಕೊನೆಯಲ್ಲಿ ನಿಂತು ಎರಡು ಸಲ ಜಗ್ಗಿದೆ.

ಹಿಂದೆಲ್ಲ ಎರಡು ಸಲ ಜಗ್ಗಿದ ಮೇಲೆ ಒಂದು ಬೀಡಿ ಸೇದುವಷ್ಟು ಹೊತ್ತು ಇರುತ್ತಿತ್ತು. ಈ ಸಲ ನಾನು ತಿರುಗುವ ಮೊದಲೇ ಪೈಪು ಬಿಗಿಯಾಯಿತು. ಆಮೇಲೆ ಎಳೆಯಿತು. ಬಿಟ್ಟರೆ ಹಿತ್ತಾಳೆಯ ಮೂತಿ ಕೋಸಿಗೆ ಬಡಿಯುತ್ತದೆಂದು ಹಿಡಿದುಕೊಂಡೆ, ಹಿಡಿದುಕೊಂಡಿದ್ದಕ್ಕೆ ಓಡಬೇಕಾಯಿತು. ಸಾಲಿನ ನಡುವೆ ಲುಂಗಿ ಎತ್ತಿಕೊಂಡು ಓಡುತ್ತ ಕಂಡೆ: ಅವಳು ಬಲಗೈ ಸೊಂಟದ ಮೇಲಿಟ್ಟು ನೆಟ್ಟಗೆ ನಿಂತು, ಎಡಗೈಯಲ್ಲಿ ರಾಟೆ ತಿರುಗಿಸುತ್ತಿದ್ದಳು. ಮೂರು ಸಲ ಜಗ್ಗಿದೆ. ನಿಲ್ಲಿಸಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಭಾಷೆಯಲ್ಲಿ ಅವಳು ನನ್ನ ಮಾತು ಮೀರಿದ್ದು ಅದೇ ಮೊದಲು.

ಬದುವಿನ ಮೇಲಿಂದ ಅಕ್ಕ, "ಕರುನ ಅಗ್ಗದಲ್ಲಿ ಎಳ್ಕಬಂದಂಗ ಬತ್ತಾವ್ನಲ್ಲವ್ವ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಾಲ್ಕು ಪಟ್ಟೆಯೂ ಮುಗಿದ ಮೇಲೆ ಅಕ್ಕ ಸಾಲಿನಲ್ಲಿ ನಡೆದು ನೋಡಿ ಬಂದರು. ಮುರಿದಿದ್ದು ಒಂದೇ ಕೋಸು, ಅದೂ ಪೈಪಿನಿಂದಲ್ಲ, ಓಡಿಬಂದ ನನ್ನ ಕಾಲಿನಿಂದ. ಅದನ್ನು ಅವರು ನನ್ನ ಎದುರಿಗೆ ಹಿಡಿಯದೆ ನನ್ನ ಹೆಂಡತಿಯ ಮಡಿಲಿಗೆ ಹಾಕಿದರು.

ಭುಜ ಹೇಗಿದೆ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂದು ಸುಮ್ಮನೆ ಬೋಲ್ಟು ಬಿಚ್ಚತೊಡಗಿದೆ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ದಿನಾ ಹಿಂಗ ಬಿಚ್ಚದು ಕಟ್ಟದು ಆಗದಿಲ್ಲ" ಅಂದಳು.

ನನ್ನ ಕೈ ನಿಂತಿತು.

"ಬಾಗ್ಲಿಗ ಆಕ್ತರಲ್ಲ, ಆ ತರ ಕೀಲ್ ಆಕ್ಸಿ. ಮಡ್ಚಿದ್ರ ಮಲಿಕಬೇಕು, ಎತ್ತಿದ್ರ ನಿಂತ್ಕಬೇಕು. ತಿಗನಾರ ಒಲ್ದಲ್ಲಿ ತಂತಿ ಇದ್ಕಿಂತ ತಗ್ಗು."

"ತಿಗನಾರೆ ಒಲಕ್ಕ ಓಗದು ಸೋಮಾರ ಅಲ್ವ?" ಅಂದೆ, ಸ್ಪಾನರನ್ನೇ ನೋಡುತ್ತ.

"ಊಂ, ಸೋಮಾರನೇ. ಅಷ್ಟೊತ್ಗ ಮಾಡ್ಸ್‌ಬುಡಿ."

"ಮ್ಯಾಗಲ ಒಂದಡಿ ಕುಯ್ಸ್‌ಬುಡ್ಲಾ?"

"ಬ್ಯಾಡ, ಇರ್ಲಿ. ಪೈಪು ಕೋಸ್ಗ ತಾಕ್ನಿಲ್ಲ."

ಅಷ್ಟು ಹೇಳಿ ಮಡಿಲಲ್ಲಿ ಕೋಸು ಇಟ್ಟುಕೊಂಡು ಮುಂದೆ ಹೋಗಿ ತನ್ನ ಸೀಟಿನಲ್ಲಿ ಕೂತಳು. ಚೌಕಟ್ಟು ಗಾಡಿಯಲ್ಲಿ ಮಲಗಿತ್ತು, ಬೇಲಿಯ ಪೆಟ್ಟಿಗೆ ಇನ್ನೂ ಆರಿಯೇ ಇತ್ತು. ಆದರೂ ತಂತಿಯ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ, ಬಾಗಿಲನ್ನು ಟವೆಲಿನಲ್ಲಿ ಹಿಡಿದು, ಎರಡೂ ಕಾಲು ಜೋಡಿಸಿ ನೆಲಕ್ಕೆ ಹಾರಿ, ಮೇಲೆ ನೋಡಿ ಬಂದೆ. ಆಮೇಲೆ ಮನೆಯ ದಾರಿ ಬಿಟ್ಟು ಪಟ್ಟರೆಯ ದಾರಿ ಹಿಡಿದೆ. ಕೀಲು ಹಾಕಿದರೆ ಅದರ ಪಿನ್ನು ಗುಂಡಿಯಲ್ಲಿ ಕಳಚಿಕೊಂಡರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಪಕ್ಕದಿಂದ ಅವಳು "ಊಂ" ಅನ್ನುತ್ತಿದ್ದಳು.