ಮುಷ್ಟಿಯೊಳಗಿನ ಮೊಳೆ

ಮೊಳೆ ನನ್ನ ಕಿರುಬೆರಳಿಗಿಂತ ತುಸು ಗಿಡ್ಡ. ಅದನ್ನು ಎಡ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಚೆನ್ನೈನ ಒಂದು ವಾದ್ಯದಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಇನ್ನಿಬ್ಬರು ಅಪರಿಚಿತರೂ ಹಾಗೆಯೇ ಮುಷ್ಟಿ ಬಿಗಿದು ಕುಳಿತಿದ್ದರು.

ಭಾನುವಾರ ಗೆಳತಿಯ ಮನೆಯಲ್ಲಿ, ಮೊದಲ ಬಾರಿ ನಾಲ್ಕು ಜನರ ಮುಂದೆ, ನಾನು ಗಿಟಾರ್ ನುಡಿಸಬೇಕಿತ್ತು; ಬರಲಾರೆನೆಂದು ಹೇಳಿಬಿಡಲೇ ಎಂದೂ ಯೋಚಿಸುತ್ತಿದ್ದೆ. ಸಮುದ್ರದ ಗಾಳಿಗೆ ತಂತಿಗಳು ತುಕ್ಕು ಹಿಡಿದಿದ್ದವು. ಬಹುಕಾಲ ಬಾಳುವ, ಲೇಪನವಿರುವ ತಂತಿ ಕೇಳಿದೆ. ಗಿರಾಕಿಯ ಮುಷ್ಟಿಗೆ ಮೊಳೆ ಕೊಟ್ಟು, ಕೈ ಎಷ್ಟು ಬೆವರುತ್ತದೆಂದು ನೋಡದೆ ಅಂಥ ದುಬಾರಿ ತಂತಿ ಮಾರುವುದಿಲ್ಲ ಎಂಬುದು ಅಂಗಡಿಯವರ ಪದ್ಧತಿಯಂತೆ. ಅವರದು ಎಂದೋ ಚೆನ್ನೈಗೆ ಬಂದು ನೆಲೆಸಿದ ಕನ್ನಡ ಮನೆತನ.

ಅಷ್ಟರಲ್ಲಿ, ಪೋರೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಲು ಒಬ್ಬರು ಒಳಬಂದರು. ನಮ್ಮನ್ನು ನೋಡಿ, ಕಾರಣವನ್ನೂ ಕೇಳದೆ, ತಾವೂ ಒಂದು ಮೊಳೆ ಇಸಿದುಕೊಂಡು ಕುಳಿತರು.

ಅಂಗಡಿಯವರು ಒಬ್ಬೊಬ್ಬರದೇ ಕೈ ಬಿಚ್ಚಿಸಿ ನೋಡಿದರು. ನನ್ನ ಅಂಗೈಯಿಂದ ಬೆವರು ತೊಟ್ಟಿಕ್ಕಿತು.

"ಏನಮ್ಮಾ, ಇದು ಕೈಯಾ, ಕಾಸಿಮೇಡು ಕಡಲಾ? ಇಷ್ಟೊಂದು ಉಪ್ಪುನೀರು! ಸಾದಾ ತಂತಿ ಒಂದು ವಾರ ತಾಂಗಾದು, ಬಾಳಲ್ಲ," ಎಂದು ಅಂಗಡಿಗೆಲ್ಲ ಕೇಳುವಂತೆ ಸಾರಿದರು.

ಬಸ್ಸು ಕೇಳಲು ಬಂದವರು ತಮ್ಮ ಒಣ ಅಂಗೈಯನ್ನು ಹೆಮ್ಮೆಯಿಂದ ಎತ್ತಿ ಹಿಡಿದರು. "ಅಪ್ಪೊ ನಾನ್ ಪಾಸಾ, ಸಾರ್?"

ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಒಬ್ಬಳೇ ಕುಳಿತು, ಕಾಫಿ ಮುಗಿಯುವವರೆಗೂ ಒಂದು ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದೆ. ಕೈ ಪೂರ್ತಿ ಒಣಗಿಯೇ ಇತ್ತು. ಜನ ನೋಡಿದಾಗ ಮಾತ್ರ ಬರುವ ಉಪ್ಪುನೀರು ಅದು. ಭಾನುವಾರ ಬರಲಾರೆನೆಂದು ಗೆಳತಿಗೆ ಹೇಳುವ ಯೋಚನೆ ಬಿಟ್ಟು, ಅದನ್ನು ತಾಳಿಕೊಳ್ಳುವ, ಅಂಗಡಿಯಿಂದ ತಂದ ಹೊಸ ತಂತಿಗಳನ್ನು ಗಿಟಾರ್‌ಗೆ ಬಿಗಿದೆ.