ರಾಮ ಬಂದಲ್ಲೆಲ್ಲ ‘ಹಿ’

ಇಂಗ್ಲಿಷ್ ವ್ಯಾಕರಣ ಕಂಡರೆ ನನಗಾಗದು. ನಾನು ಗಣಿತದ ಮಾಸ್ತರ. ಎರಡಕ್ಕೆ ಎರಡು ಕೂಡಿಸಿದರೆ ಎಂದಿಗೂ ನಾಲ್ಕೇ ಆಗಬೇಕು. ಇವತ್ತು ನೌನ್ ಆಗಿದ್ದ ಶಬ್ದ ನಾಳೆ ಅಡ್ಜೆಕ್ಟಿವ್ ಆಗುತ್ತದೆಂದರೆ ಅದನ್ನು ನಂಬುವುದು ಹೇಗೆ? ಆದರೂ ಇಳಕಲ್ಲಿನ ನಮ್ಮ ಹೈಸ್ಕೂಲಿನಲ್ಲಿ ಇಂದ್ರಾಬಾಯಿ ಅಕ್ಕೋರು ವ್ಯಾಕರಣ ಹೇಳುವಾಗ ನಾನು ಪಕ್ಕದ ಕೋಣೆಯಲ್ಲಿ ಲೆಕ್ಕ ಬಿಟ್ಟು ಕಿವಿ ಕೊಟ್ಟು ನಿಂತದ್ದುಂಟು.

ಅವರು ಬಾದಾಮಿ ಕಡೆಯವರು. ಗಂಡ ಬಾಗಲಕೋಟೆ ಬಸ್ಸಿನ ಕಂಡಕ್ಟರ್. ಎಪ್ಪತ್ತಾರರಲ್ಲಿ ನಮ್ಮ ಶಾಲೆಗೆ ಬಂದವರು, ಬಂದ ವರ್ಷವೇ ರವಿವಾರದ ಪಾಠ ಶುರು ಮಾಡಿದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾಗಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ಮಾತ್ರ ಆ ಪಾಠ, ಅದೂ ಪುಕ್ಕಟೆ. ಬಂದವರೆಲ್ಲ ಹೆಚ್ಚಾಗಿ ಮಗ್ಗದ ಮನೆಯವರು.

ಬೋರ್ಡಿನ ಮೇಲೆ ‘ಕಾಟನ್’ ಎಂದು ಬರೆದು ಇದೇನು ಎಂದು ಕೇಳುವರು. ಹತ್ತಿ ಒಂದು ವಸ್ತುವಿನ ಹೆಸರು, ಹಾಗಾಗಿ ನೌನ್ ಎನ್ನುವರು ಎಲ್ಲರೂ. ಅದರ ಮುಂದೆ ‘ಸ್ಯಾರಿ’ ಎಂದು ಸೇರಿಸಿ, ಈಗ ಹೇಳಿರಿ ಎನ್ನುವರು. ಈಗ ಅದೇ ಹತ್ತಿ, ಸೀರೆ ಎಂಥಾದ್ದು ಎಂದು ಹೇಳುತ್ತ ಅಡ್ಜೆಕ್ಟಿವ್ ಕೆಲಸಕ್ಕೆ ನಿಂತಿರುತ್ತಿತ್ತು. ಇನ್ನು ಸೀರೆ ಸೀರೆ ಎಂದು ಹತ್ತು ಸಲ ಅನ್ನುವ ಬದಲು ಅದರ ಜಾಗದಲ್ಲಿ ‘ಇಟ್’ ಬಂದು ಕುಳಿತರೆ ಅದು ಪ್ರೊನೌನ್. ಶಬ್ದದ ಮಾರಿ ನೋಡಬೇಡಿರಿ, ಅದು ಮಾಡುವ ಕೆಲಸ ನೋಡಿರಿ ಎಂಬುದು ಅವರ ಮಾತು. ಗಣಿತದವನಾದ ನನಗೂ ಅದು ತಲೆಗೆ ಹೋಯಿತೆಂದರೆ ಅವರ ಹೆಚ್ಚುಗಾರಿಕೆ ತಿಳಿಯಬಹುದು.

ಅಲ್ಲಿಗೆ ಬಂದವರಲ್ಲಿ ಸಕ್ರವ್ವ ಎಲ್ಲರಿಗಿಂತ ಚುರುಕು. ಬೇವೂರಿನಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಮದುವೆಯಾದ ಮೇಲೆ ಎರಡು ಸಲ ಪರೀಕ್ಷೆಗೆ ಕುಳಿತು ಎರಡೂ ಸಲ ಇಂಗ್ಲಿಷಿನಲ್ಲಿ ಕೂದಲೆಳೆಯಲ್ಲಿ ಫೇಲಾಗಿದ್ದಳು. ಪಾಸಾದರೆ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಬಹುದು, ತಾನೂ ಅಕ್ಕೋರು ಆಗಬಹುದು. ಅತ್ತೆ ಲಗಮವ್ವ ಇನ್ನೊಂದೇ ಸಲ ಎಂದು ಹೇಳಿಬಿಟ್ಟಿದ್ದಳು. ಈ ಸಲವೂ ಹೋದರೆ ಪುಸ್ತಕ ಅಟ್ಟಕ್ಕೆ, ಸಕ್ರವ್ವ ಮಗ್ಗದ ನೂಲು ಸುತ್ತಲಿಕ್ಕೆ.

ಇಷ್ಟು ಬುದ್ಧಿಯವಳು ಫೇಲಾಗುವುದೇಕೆ ಎಂದು ಅಕ್ಕೋರಿಗೆ ಬಗೆಹರಿಯಲಿಲ್ಲ. ಒಂದು ರವಿವಾರ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ‘ರಾಮ ಈಸ್ ಎ ಗುಡ್ ಬಾಯ್’ ಎಂದಿದ್ದಲ್ಲಿ ಸಕ್ರವ್ವ ‘ಹಿ ಈಸ್ ಎ ಗುಡ್ ಬಾಯ್’ ಎಂದು ಓದಿದಳು. ನೌನ್ ತೋರಿಸು ಎಂದರೆ ‘ಬಾಯ್’ ತೋರಿಸಿದಳು, ರಾಮನ ತಂಟೆಗೇ ಹೋಗಲಿಲ್ಲ. ಉಳಿದ ಹುಡುಗಿಯರು ಸೆರಗು ಬಾಯಿಗಿಟ್ಟು ನಕ್ಕರು. ಅವಳ ಗಂಡನ ಹೆಸರು ರಾಮಪ್ಪ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಮದುವೆಯಲ್ಲಿ ಎರಡು ಸಾಲಿನ ಪದ್ಯದಲ್ಲಿ ಹೆಸರು ಹೆಣೆದು, ಒಡಪು ಕಟ್ಟಿ ಒಮ್ಮೆ ಹೇಳಿದರೆ ಮುಗಿಯಿತು, ಮುಂದೆ ಜೀವನವೆಲ್ಲ ಪ್ರೊನೌನೇ. ಆ ಪುಸ್ತಕ ಬರೆದವರಿಗಾದರೂ ಲೋಕದಲ್ಲಿ ಬೇರೆ ಗಂಡಸು ಸಿಗಲಿಲ್ಲವೋ ಏನೋ: ಶಾಲೆಗೆ ಹೋಗುವವನು ರಾಮ, ಮಾವಿನಹಣ್ಣು ತಿನ್ನುವವನು ರಾಮ, ಹೊಳೆಗೆ ಬಿದ್ದ ಕೂಸನ್ನು ಎತ್ತುವವನೂ ರಾಮ. ಪರೀಕ್ಷೆಯಲ್ಲಿ ಕೂಸನ್ನು ಎತ್ತಿದವರು ಯಾರು ಎಂದು ಕೇಳಿದರೆ ಇವಳು ‘ಹಿ’ ಎಂದು ಬರೆದು ಬಂದಿದ್ದಳು. ಪೇಪರು ತಿದ್ದುವವನಿಗೆ ಇವಳ ಗಂಡ ಯಾರೆಂದು ಏನು ಗೊತ್ತು?

ಅಕ್ಕೋರು ನಗಲಿಲ್ಲ. ಹೆಸರು ಇದ್ದಲ್ಲಿ ಹೆಸರನ್ನೇ ಬರೆಯಬೇಕು, ದಿನಾ ಬಾಯಿಬಿಟ್ಟು ಓದಿ ರೂಢಿ ಮಾಡು ಎಂದಷ್ಟೇ ಹೇಳಿದರು. ಆ ಸುದ್ದಿ ಲಗಮವ್ವನ ಕಿವಿಗೆ ಬಿತ್ತು. ಮುಂದಿನ ರವಿವಾರ ಸಕ್ರವ್ವ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ.

ಓಣಿಯವನೆಂದು ನನ್ನನ್ನು ಕರೆದುಕೊಂಡು ಅಕ್ಕೋರು ಸಕ್ರವ್ವನ ಮನೆಗೆ ಹೋದರು. ಲಗಮವ್ವ ಕಂಬಳಿ ಹಾಸಿದಳು, ನೀರು ಕೊಟ್ಟಳು, ಆಮೇಲೆ ಮೆತ್ತಗೆ ಹೇಳಿದಳು.

“ನನಗಿರೋದು ಒಬ್ಬನೇ ಮಗ. ನಿಮ್ಮ ಇಂಗ್ಲಿಷಿಗೆ ಅವನ ಆಯುಷ್ಯ ಕೊಡಾಕ ಆಗೂದಿಲ್ರಿ, ಅಕ್ಕೋರ.”

ಇನ್ನು ಮೂಢನಂಬಿಕೆಯ ಮೇಲೆ ಭಾಷಣ ಶುರುವಾಗುತ್ತದೆಂದು ನಾನು ಕಾದೆ. ಅಕ್ಕೋರು ನೀರಿನ ತಂಬಿಗೆ ಕೆಳಗಿಟ್ಟರು.

“ಹುಲ್ಲಪ್ಪ,” ಎಂದರು. “ನಮ್ಮನಿಯವ್ರ ಹೆಸರು ಹುಲ್ಲಪ್ಪ. ಒಡಪು ಬಿಟ್ರ ಇವತ್ತ ಮೊದಲ್ನೇ ಸಲ ಅಂದೇನಿ. ಅವರು ದಿನಾ ಬಸ್ಸಿನ್ಯಾಗ ತಿರಗಾವ್ರು. ಪರೀಕ್ಷಾ ಮುಗಿಯೂತನಾ ದಿನಾ ಮುಂಜಾನೆ ಹೇಳ್ತೇನಿ. ಏನರ ಆಗೂದಿದ್ರ ಮೊದಲ ನನ್ನ ಮನಿಗೆ ಬರ್ಲಿ.”

ಹೇಳಿ ಮುಗಿಸಿದವರೇ ಕೊರಳ ತಾಳಿಯನ್ನು ಕಣ್ಣಿಗೊತ್ತಿಕೊಂಡರು. ಅಷ್ಟು ಓದಿದ ಅವರಿಗೂ ಲಗಮವ್ವನಷ್ಟೇ ಹೆದರಿಕೆ ಇತ್ತೆಂದು ನನಗೆ ತಿಳಿದದ್ದು ಆಗ. ಹೆದರಿಕೆ ಇಲ್ಲದವರು ಹೇಳಿದ್ದರೆ ಅದರಲ್ಲೇನು ದೊಡ್ಡಸ್ತಿಕೆ? ಆ ಹೊತ್ತಿಗೆ ಅವರ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಸಕ್ರವ್ವ ಮತ್ತೆ ಬಂದಳು. ಅಕ್ಕೋರು ದಿನಾ ಶಾಲೆಯ ಬಾಗಿಲಲ್ಲಿ ಗಂಡನ ಹೆಸರು ಹೇಳಿಯೇ ಒಳಗೆ ಹೋಗುತ್ತಿದ್ದರು. ಸಂಜೆ ಬಾಗಲಕೋಟೆ ಬಸ್ ಬರುವ ಹೊತ್ತಿಗೆ ಲಗಮವ್ವ ಸ್ಟ್ಯಾಂಡಿನಲ್ಲಿ ಹಾಜರು. ಕಂಡಕ್ಟರ್ ನೆಟ್ಟಗೆ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿಕೊಂಡು ಮನೆಗೆ ಹೋಗುತ್ತಿದ್ದಳು. ಈ ಮುದುಕಿ ನನ್ನನ್ನೇಕೆ ಹೀಗೆ ನೋಡುತ್ತಾಳೆಂದು ಪಾಪ, ಹುಲ್ಲಪ್ಪ ನನ್ನನ್ನೂ ಕೇಳಿದ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಫಲಿತಾಂಶ ಬಂತು. ಸಕ್ರವ್ವ ಪಾಸಾಗಿದ್ದಳು. ಮರುದಿನ ಲಗಮವ್ವ ಅಮೀನಗಡದ ಕರದಂಟು ಹಿಡಿದುಕೊಂಡು ಒಬ್ಬಳೇ ಶಾಲೆಗೆ ಬಂದಳು. ಕರದಂಟು ಕೊಟ್ಟರೂ ಹೋಗಲೊಲ್ಲಳು. ಬೋರ್ಡಿನ ಕಡೆ ಕೈ ಮಾಡಿ, ತೀರಿಹೋದ ತನ್ನ ಗಂಡನ ಹೆಸರನ್ನೂ ಅಲ್ಲಿ ಬರೆಯಲು ಕೇಳಿದಳು. ಏನು ಹೆಸರು ಎಂದರು ಅಕ್ಕೋರು. ಮುದುಕಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ದುರಗಪ್ಪ ಎಂದಳು.

ಅಕ್ಕೋರು ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು, ಆ ಕೈ ಹಿಡಿದು ಒಂದೊಂದೇ ಅಕ್ಷರ ಬರೆಸಿದರು. ಲಗಮವ್ವ ಅದನ್ನೇ ನೋಡುತ್ತ ನಿಂತಳು.

“ಒಡಪಿನ್ಯಾಗ ಅಂದದ್ದ ಒಮ್ಮೆ,” ಎಂದಳು. “ಮುಂದ ಜಲ್ಮದಾಗ ಬಾಯಿ ಬಿಡಲಿಲ್ರಿ ನಾ. ಆದ್ರೂ ಹ್ವಾದ್ರು.”